ಪದ್ಮನಾಭಪುರದ ಅರಮನೆಯೂ ನಮ್ಮ ಮನೆಯ ಅಟ್ಟವೂ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ಸಭೆಯಲ್ಲಿ ಸಾಹಿತ್ಯವನ್ನೋ ಭಾಷೆಯ ಹಕ್ಕುಬಾಧ್ಯತೆಗಳನ್ನೋ ಕುರಿತು ಮಾತನಾಡುವುದು ರೂಢಿ. ಇಂದು ನಾವು ಆ ರೂಢಿಯಿಂದ ತುಸು ಸರಿದು, ಮಂಚ, ಮಣೆ, ದೀಪ, ಭರಣಿ ಮೊದಲಾದ ಮನೆಬಳಕೆಯ ಸಾಮಾನುಗಳ ವಿಷಯವಾಗಿ ನಾಲ್ಕು ಮಾತುಗಳನ್ನು ತಮ್ಮ ಮುಂದಿಡಬೇಕೆಂದಿದ್ದೇವೆ. ಕನ್ನಡ ಸಂಘದ ವೇದಿಕೆಯಲ್ಲಿ ಭರಣಿಗೇನು ಕೆಲಸವೆಂದು ಯಾರಿಗಾದರೂ ತೋರಿದರೆ, ಮಾತು ಮುಗಿಯುವವರೆಗೆ ಆ ಸಂದೇಹವನ್ನು ತಡೆದಿಟ್ಟುಕೊಳ್ಳಬೇಕಾಗಿ ಪ್ರಾರ್ಥನೆ.

ಸಂಘದ ಸದಸ್ಯರಾದ ನಾವು ಕೆಲವರು ಕುಟುಂಬಸಮೇತರಾಗಿ ದಕ್ಷಿಣದ ಯಾತ್ರೆ ಕೈಗೊಂಡು ಪದ್ಮನಾಭಪುರದ ಅರಮನೆಯನ್ನು ನೋಡಿಬಂದೆವು. ಕಾಸರಗೋಡು ಕೇರಳದ ಉತ್ತರದ ತುದಿಯಾದರೆ, ಪದ್ಮನಾಭಪುರವು ಕೇರಳದ ದಕ್ಷಿಣದ ತುದಿಯನ್ನು ದಾಟಿ ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಯಲ್ಲಿದೆ. ತಿರುವನಂತಪುರದಿಂದ ನಾಗರಕೋಯಿಲಿಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು ೫೫ ಕಿಲೋಮೀಟರು ಸಾಗಿದರೆ ತಕ್ಕಲೈ ಎಂಬ ಪೇಟೆ. ಅಲ್ಲಿಂದ ಪಕ್ಕಕ್ಕೆ ತಿರುಗಿದರೆ ವೇಳಿಮಲೆಯ ತಪ್ಪಲಿನಲ್ಲಿ ಕಗ್ಗಲ್ಲಿನ ಕೋಟೆಯೊಂದು ಎದುರಾಗುತ್ತದೆ. ಕೋಟೆಯ ಗೋಡೆಯ ಸುತ್ತಳತೆ ಹೆಚ್ಚುಕಡಿಮೆ ನಾಲ್ಕು ಕಿಲೋಮೀಟರು. ಆ ಆವರಣದ ನಡುವೆ, ಆರೂವರೆ ಎಕರೆಯಷ್ಟು ನೆಲದಲ್ಲಿ, ತಿರುವಾಂಕೂರಿನ ಅರಸರು ಬಾಳಿದ ಅರಮನೆ ನಿಂತಿದೆ.

ಈ ಸ್ಥಳದ ಹಿಂದಿನ ಹೆಸರು ಕಲ್ಕುಳಂ. ವೇಣಾಡಿನ ಅರಸರು ಹದಿನಾರನೆಯ ಶತಮಾನದ ಹೊತ್ತಿಗೇ ಇಲ್ಲಿ ಮನೆ ಮಾಡಿದ್ದರು. ೧೭೨೯ರಲ್ಲಿ ಪಟ್ಟಕ್ಕೆ ಬಂದ ಮಾರ್ತಾಂಡವರ್ಮನು ಸುತ್ತಲಿನ ಸಣ್ಣಪುಟ್ಟ ರಾಜ್ಯಗಳನ್ನು ಗೆದ್ದು ತಿರುವಾಂಕೂರನ್ನು ಕಟ್ಟಿದನು. ೧೭೪೧ರಲ್ಲಿ ಕೊಳಚಲಿನ ಕಡಲತೀರದಲ್ಲಿ ಡಚ್ಚರನ್ನು ಸೋಲಿಸಿದನು. ಆ ಯುದ್ಧದಲ್ಲಿ ಸೆರೆಯಾದ ಡಿ ಲನೋಯ್ ಎಂಬ ಸೇನಾನಿಯೇ ಮುಂದೆ ಅವನ ಸೈನ್ಯವನ್ನು ಪಳಗಿಸಿದನು. ಆತನ ಸಮಾಧಿ ಸಮೀಪದ ಉದಯಗಿರಿ ಕೋಟೆಯಲ್ಲಿದೆ. ೧೭೫೦ರಲ್ಲಿ ಮಾರ್ತಾಂಡವರ್ಮನು ತಾನು ಗೆದ್ದ ರಾಜ್ಯವನ್ನೆಲ್ಲ ಕುಲದೇವರಾದ ಶ್ರೀ ಪದ್ಮನಾಭನಿಗೆ ಅರ್ಪಿಸಿ, ತಾನು ದೇವರ ದಾಸನಾಗಿ ಆಳತೊಡಗಿದನು. ಊರಿಗೆ ಪದ್ಮನಾಭಪುರವೆಂಬ ಹೆಸರು ಬಂದುದು ಹೀಗೆ. ಅರಮನೆ ಇಂದಿನ ವಿಸ್ತಾರವನ್ನು ಪಡೆದುದೂ ಬಹುಮಟ್ಟಿಗೆ ಅವನ ಕಾಲದಲ್ಲಿಯೇ.

ಅರಮನೆಯೆಂದೊಡನೆ ಅಮೃತಶಿಲೆ, ಗುಮ್ಮಟ, ಬಂಗಾರದ ಲೇಪ ಇವು ಕಣ್ಮುಂದೆ ಬರುವುದು ಸಹಜ. ಪದ್ಮನಾಭಪುರದಲ್ಲಿ ಇವು ಯಾವುವೂ ಇಲ್ಲ. ಇದು ಮರದ ಅರಮನೆ. ಹೆಂಚಿನ ಇಳಿಜಾರು ಮಾಡು, ಮಳೆ ಒಳಗೆ ಎರಚದಂತೆ ಮುಂಚಾಚಿದ ಸೂರು, ಗಾಳಿ ಬರಲು ಬಿಟ್ಟ ಮರದ ಜಾಲಂಧ್ರ, ತಲೆ ತಗ್ಗಿಸಿ ದಾಟಬೇಕಾದ ಬಾಗಿಲು, ಇವೆಲ್ಲವೂ ನಮ್ಮ ಊರಿನ ಹಳೆಯ ಮನೆಗಳಲ್ಲಿ ನಾವು ಕಂಡವೇ. ಭೇದವಿರುವುದು ಅಳತೆಯಲ್ಲಿ ಮತ್ತು ಕೆತ್ತನೆಯ ಕೈಚಳಕದಲ್ಲಿ. ಒಳಹೊಗುವ ಮೊದಲು ಪಾದರಕ್ಷೆಗಳನ್ನು ಕಳಚಿಡಬೇಕು. ಬರಿಗಾಲಿನಲ್ಲಿ ಆ ತಣ್ಣನೆಯ ನೆಲವನ್ನು ಮೆಟ್ಟಿದಾಗಲೇ, ಇದು ಕಚೇರಿಯಲ್ಲ, ಮನೆ ಎಂಬ ಭಾವ ಮೂಡುತ್ತದೆ.

ಮೊದಲು ಸಿಗುವುದು ಪೂಮುಖಂ ಎಂಬ ಚಾವಡಿ. ಮೇಲೆ ನೋಡಿದರೆ ಮರದ ಮುಚ್ಚಿಗೆಯಲ್ಲಿ ಕೆತ್ತಿದ ೯೦ ಹೂಗಳು, ಒಂದರಂತೆ ಇನ್ನೊಂದಿಲ್ಲ. ಅದೇ ಮುಚ್ಚಿಗೆಯಿಂದ ಇಳಿಬಿದ್ದಿರುವುದು ಕುದುರೆದೀಪ. ಕುದುರೆಯೇರಿದ ಸವಾರನ ರೂಪದ ಈ ಲೋಹದ ದೀಪವನ್ನು ಯಾವ ದಿಕ್ಕಿಗೆ ತಿರುಗಿಸಿ ಬಿಟ್ಟರೂ ಅದು ಓಲಾಡದೆ ಸಮತೂಕದಲ್ಲಿ ನಿಲ್ಲುವಂತೆ ಸರಪಣಿಯನ್ನು ಹೆಣೆದಿದ್ದಾರೆ. ಒಂದೆಡೆ ನುಣುಪಾದ ಕಲ್ಲಿನ ಮಂಚ. ಬೇಸಗೆಯಲ್ಲಿ ಅದರ ತಂಪಿಗೆ ಬೀಸಣಿಗೆ ಬೇಡ. ಇನ್ನೊಂದೆಡೆ ಚೀನೀ ಕೆಲಸದ ಕುರ್ಚಿ. ಗೋಡೆಗೆ ತೂಗುಹಾಕಿರುವ ಬಣ್ಣದ ಓಣಂ ಬಿಲ್ಲುಗಳು ಹಬ್ಬದ ದಿನ ಅರಸನಿಗೆ ಸಂದ ಕಾಣಿಕೆಗಳು. ಒಂದೇ ಚಾವಡಿಯಲ್ಲಿ ಊರ ಬಡಗಿಯ ಹೂ, ಕಂಚುಗಾರನ ದೀಪ, ಸಮುದ್ರದಾಚೆಯ ಕುರ್ಚಿ, ಪ್ರಜೆಗಳು ತಂದ ಬಿಲ್ಲು ಸೇರಿವೆ. ರಾಜ್ಯವು ಯಾರೊಡನೆ ವ್ಯವಹರಿಸುತ್ತಿತ್ತು, ಯಾರ ದುಡಿಮೆಯಿಂದ ನಿಂತಿತ್ತು ಎಂಬುದನ್ನು ಆ ಒಂದು ಚಾವಡಿಯ ಸಾಮಾನುಗಳೇ ಹೇಳುತ್ತವೆ.

ಚಾವಡಿಯ ಮೇಲಿನ ಅಂತಸ್ತಿನಲ್ಲಿ ಮಂತ್ರಶಾಲೆ. ಅರಸನು ಮಂತ್ರಿಗಳೊಡನೆ ಕುಳಿತು ಆಲೋಚಿಸುತ್ತಿದ್ದ ಈ ಕೋಣೆಯ ಕಿಟಕಿಗಳಿಗೆ ಬಣ್ಣದ ಅಭ್ರಕದ ಹಾಳೆಗಳನ್ನು ಕೂರಿಸಿದ್ದಾರೆ. ಬೆಳಕು ಸೋಸಿ ಬರುತ್ತದೆ, ಬಿಸಿಲೂ ಧೂಳೂ ಹೊರಗುಳಿಯುತ್ತವೆ. ಅಲ್ಲಿಯ ನೆಲ ಕಪ್ಪು ಕನ್ನಡಿಯಂತೆ ಹೊಳೆಯುತ್ತದೆ. ಸುಟ್ಟ ತೆಂಗಿನ ಗೆರಟೆಯ ಪುಡಿ, ಸುಣ್ಣ, ಮೊಟ್ಟೆಯ ಬಿಳಿ, ಗಿಡಮೂಲಿಕೆಗಳ ರಸ ಇವನ್ನು ಹದವರಿತು ಬೆರೆಸಿ ತಿಕ್ಕಿ ಮಾಡಿದ ನೆಲವೆಂದು ಅಲ್ಲಿಯವರು ವಿವರಿಸುತ್ತಾರೆ. ಮುಖ್ಯ ಪದಾರ್ಥವಾದ ಗೆರಟೆ ನಮ್ಮೆಲ್ಲರ ಹಿತ್ತಲಲ್ಲಿ ಬಿದ್ದಿರುವ ವಸ್ತು. ಕೈಗೆಟಕುವ ಬಡ ಪದಾರ್ಥದಿಂದ ಶತಮಾನಗಳು ಬಾಳುವ ಸೊಬಗನ್ನು ತೆಗೆಯುವುದು ಆ ಕಾಲದ ಕುಶಲಿಗಳಿಗೆ ತಿಳಿದಿತ್ತು.

ಊಟದ ಶಾಲೆಗೆ ಅಲ್ಲಿ ಊಟ್ಟುಪುರ ಎಂದು ಹೆಸರು. ಎರಡು ಅಂತಸ್ತಿನ ಈ ಉದ್ದನೆಯ ಕಟ್ಟಡದ ಒಂದೊಂದು ಅಂತಸ್ತಿನಲ್ಲಿ ಸಾವಿರ ಜನ ಕುಳಿತು ಉಣ್ಣಬಹುದಾಗಿತ್ತೆಂದು ಹೇಳುತ್ತಾರೆ. ಉಪ್ಪಿನಕಾಯಿ ಮೊದಲಾದುವನ್ನು ತುಂಬಿಡುತ್ತಿದ್ದ ಆಳೆತ್ತರದ ಚೀನೀ ಭರಣಿಗಳು ಅಲ್ಲಿವೆ. ಯುದ್ಧದ ಕಥೆಗಳನ್ನು ಓದಿ ಅರಸರ ಬಲವನ್ನು ಅಳೆಯುವುದು ವಾಡಿಕೆ. ಆ ಭರಣಿಗಳ ಮುಂದೆ ನಿಂತಾಗ ಅನ್ನದಾನವೂ ಆಳ್ವಿಕೆಯ ಒಂದು ಅಂಗವಾಗಿತ್ತೆಂಬುದು ಮನಸ್ಸಿಗೆ ಹತ್ತುತ್ತದೆ. ಸನಿಹದ ಮಣಿಮಾಳಿಗೆಯಲ್ಲಿ ಭಾರದ ತೂಕದಿಂದ ನಡೆಯುವಂತೆ ಮಾಡಿದ ಹಳೆಯ ಗಡಿಯಾರವಿದೆ. ಅದರ ಗಂಟೆ ಕೋಟೆಯೊಳಗಿನವರಿಗೆಲ್ಲ ಹೊತ್ತನ್ನು ಸಾರುತ್ತಿತ್ತು.

ಅರಮನೆಯ ಅತ್ಯಂತ ಹಳೆಯ ಭಾಗ ತಾಯ್ ಕೊಟ್ಟಾರಂ. ನಡುವೆ ಅಂಗಳ, ನಾಲ್ಕು ಕಡೆ ಜಗಲಿ ಮತ್ತು ಕೋಣೆಗಳಿರುವ ನಾಲುಕೆಟ್ಟಿನ ಮನೆ ಇದು. ನಮ್ಮಲ್ಲಿ ನಾಲ್ಕು ಸುತ್ತಿನ ಮನೆ ಎನ್ನುವುದು ಇದನ್ನೇ. ಅಲ್ಲಿಯ ಏಕಾಂತ ಮಂಟಪದಲ್ಲಿ ಒಂದೇ ಹಲಸಿನ ಮರದಿಂದ ಕಡೆದ ಕಂಬವಿದೆ. ಕೆತ್ತನೆ ಅಷ್ಟು ನವುರಾದುದರಿಂದ ಕಂಬ ಹೊರೆ ಹೊರುತ್ತಿದೆಯೆಂಬುದೇ ಮರೆತುಹೋಗುತ್ತದೆ. ೧೭೫೦ರಲ್ಲಿ ಕಟ್ಟಿದ ಉಪ್ಪರಿಗೆ ಮಾಳಿಗೆಗೆ ನಾಲ್ಕು ಅಂತಸ್ತು. ಕೆಳಗೆ ಬೊಕ್ಕಸ, ಅದರ ಮೇಲೆ ಅರಸನ ಮಲಗುವ ಕೋಣೆ, ಎಲ್ಲಕ್ಕಿಂತ ಮೇಲಿನದು ಶ್ರೀ ಪದ್ಮನಾಭನ ಕೋಣೆ. ರಾಜ್ಯವನ್ನು ದೇವರಿಗೆ ಒಪ್ಪಿಸಿದವನು ಮನೆಯ ನೆತ್ತಿಯ ಕೋಣೆಯನ್ನೂ ದೇವರಿಗೇ ಬಿಟ್ಟನು. ಅದರ ಗೋಡೆಗಳ ತುಂಬ ಭಿತ್ತಿಚಿತ್ರಗಳಿವೆ. ಮಲಗುವ ಕೋಣೆಯಲ್ಲಿ ೬೪ ಬಗೆಯ ಔಷಧೀಯ ಮರಗಳಿಂದ ಮಾಡಿದ ಮಂಚವಿದೆ. ಅದು ಡಚ್ಚರ ಕೊಡುಗೆಯೆಂಬ ಮಾತು ಪ್ರಚಲಿತವಾಗಿದೆ. ನಿಜವಾಗಿದ್ದರೆ, ಕೊಳಚಲಿನಲ್ಲಿ ಸೋತವರೇ ಗೆದ್ದವನ ನಿದ್ದೆಗೆ ಮಂಚ ಒದಗಿಸಿದಂತಾಯಿತು!

ಇನ್ನು ನವರಾತ್ರಿ ಮಂಟಪ. ಮರದ ಮನೆಗಳ ನಡುವೆ ಇದೊಂದು ಕಲ್ಲಿನ ಕಟ್ಟಡ. ಕಂಬಗಳಲ್ಲಿ ದೀಪ ಹಿಡಿದು ನಿಂತ ಸ್ತ್ರೀಮೂರ್ತಿಗಳನ್ನು ಕಡೆದ ಇದರ ಶೈಲಿಯನ್ನು ವಿಜಯನಗರದ ಶೈಲಿಯೆಂದು ಗುರುತಿಸುತ್ತಾರೆ. ತುಂಗಭದ್ರೆಯ ದಡದಲ್ಲಿ ಬೆಳೆದ ಕಲೆ ಕನ್ಯಾಕುಮಾರಿಯ ಸಮೀಪದವರೆಗೆ ನಡೆದು ಬಂದಿತ್ತೆಂಬುದನ್ನು ನೆನೆದು ನಮ್ಮ ತಂಡದವರಿಗೆ ಹೆಮ್ಮೆಯಾಯಿತು. ಕಲೆಗೆ ಗಡಿಕಲ್ಲಿನ ಕಾವಲಿಲ್ಲ.

ಆದರೆ ನಾವು ಇಂದು ಮುಖ್ಯವಾಗಿ ಹೇಳಬೇಕೆಂದಿರುವುದು ತೆಕ್ಕೇ ಕೊಟ್ಟಾರಂ, ಎಂದರೆ ತೆಂಕಣ ಅರಮನೆಯ ವಿಷಯ. ಇದು ಸುಮಾರು ೪೦೦ ವರ್ಷಗಳಷ್ಟು ಹಳೆಯದು. ಅವಸರದಲ್ಲಿರುವ ಪ್ರವಾಸಿಗರು ಇಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಏಕೆಂದರೆ ಇಲ್ಲಿ ಸಿಂಹಾಸನವೂ ಇಲ್ಲ, ಖಡ್ಗವೂ ಇಲ್ಲ. ಹಿಂದಿನ ಕಾಲದ ಮನೆಬಳಕೆಯ ವಸ್ತುಗಳನ್ನು ಕಲೆಹಾಕಿ ಇದನ್ನೊಂದು ಸಂಗ್ರಹಾಲಯವನ್ನಾಗಿ ಮಾಡಿದ್ದಾರೆ. ಅಡುಗೆಮನೆಯ ಉಪಕರಣಗಳು, ಮರದ ಮತ್ತು ಲೋಹದ ಪಾತ್ರೆಗಳು, ಹೀಗೆ ಒಂದು ಮನೆ ಬೆಳಗಿನಿಂದ ರಾತ್ರಿಯವರೆಗೆ ಕೈಯಲ್ಲಿ ಹಿಡಿದು ಬಳಸಿದ ಸಾಮಾನುಗಳು. ನಮ್ಮ ತಂಡದಲ್ಲಿ ಒಂದು ವಿಚಿತ್ರವಾದ ವಿಭಾಗವಾದುದು ಇಲ್ಲಿಯೇ. ಅಲ್ಲಿಯವರೆಗೆ ಮಕ್ಕಳು ಮುಂದೆ, ಅಜ್ಜಿಯರು ಹಿಂದೆ. ಈ ಕೋಣೆಗಳಲ್ಲಿ ಅಜ್ಜಿಯರೇ ಮುಂದಾದರು. ಯಾವ ಫಲಕವನ್ನೂ ಓದದೆ, “ಇದು ನಮ್ಮಲ್ಲಿಯೂ ಇತ್ತು”, “ಇದರ ಹಿಡಿ ಹೀಗಲ್ಲ, ಹೀಗಿರಬೇಕು” ಎಂದು ಅವರು ಹೇಳುತ್ತ ನಡೆದರು. ಕಾಲೇಜು ಓದುವ ನಮ್ಮ ಮಕ್ಕಳು ಪ್ರತಿಯೊಂದನ್ನೂ ತೋರಿಸಿ “ಇದಕ್ಕೇನೆನ್ನುತ್ತಾರೆ?” ಎಂದು ಕೇಳುತ್ತ ಅವರ ಹಿಂದೆ ನಡೆದರು. ಒಂದೇ ಮನೆಯ ಮೂರು ತಲೆಮಾರಿನೊಳಗೆ ಎಷ್ಟು ಪದಗಳು ಉದುರಿಹೋಗಿವೆಯೆಂಬುದಕ್ಕೆ ಇದಕ್ಕಿಂತ ಬೇರೆ ಲೆಕ್ಕ ಬೇಕಾಗಿರಲಿಲ್ಲ.

ಈ ಅರಮನೆ ಉಳಿದುದಾದರೂ ಹೇಗೆ? ೧೭೯೫ರಲ್ಲಿ ರಾಜಧಾನಿ ತಿರುವನಂತಪುರಕ್ಕೆ ಹೋಯಿತು. ಅರಸರು ಬಿಟ್ಟುಹೋದ ಮರದ ಮನೆಯೆಂದರೆ ಗೆದ್ದಲಿಗೂ ಮಳೆಗೂ ಸುಲಭದ ತುತ್ತು. ೧೯೩೦ರ ದಶಕದಲ್ಲಿ ತಿರುವಾಂಕೂರು ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆ ಅದರ ಜೀರ್ಣೋದ್ಧಾರಕ್ಕೆ ಕೈಹಾಕಿ ಸಂರಕ್ಷಿಸಿತು. ತರುವಾಯ ಬಂದುದು ೧೯೫೬ರ ನವೆಂಬರ್ ೧. ರಾಜ್ಯಗಳ ಪುನರ್ವಿಂಗಡಣೆಯ ಆ ದಿನ ತಿರುವಾಂಕೂರಿನ ತೆಂಕಣದ ನಾಲ್ಕು ತಾಲೂಕುಗಳು, ಎಂದರೆ ಅಗಸ್ತೀಶ್ವರಂ, ತೋವಾಳ, ಕಲ್ಕುಳಂ, ವಿಳವಂಕೋಡು, ಆಗಿನ ಮದರಾಸು ರಾಜ್ಯಕ್ಕೆ ಸೇರಿ ಕನ್ಯಾಕುಮಾರಿ ಜಿಲ್ಲೆಯಾದುವು. ಅದೇ ದಿನ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಒಂದೇ ದಿನಾಂಕ, ಒಂದೇ ಶಾಸನ. ಆ ದಿನದ ನೆನಪು ಈ ಸಭೆಯ ಹಿರಿಯರಿಗೆ ನಾವು ಮಾಡಿಕೊಡಬೇಕಾದುದಿಲ್ಲ.

ಈಗ ನೋಡಿ: ಪದ್ಮನಾಭಪುರದ ನೆಲ ತಮಿಳುನಾಡಿನದು, ಆದರೆ ಅರಮನೆಯ ಒಡೆತನವೂ ಆರೈಕೆಯೂ ಇಂದಿಗೂ ಕೇರಳ ಸರ್ಕಾರದ ಪ್ರಾಚ್ಯವಸ್ತು ಇಲಾಖೆಯವು. ಗಡಿ ತಮ್ಮ ಕೈತಪ್ಪಿತೆಂದು ಅವರು ಮನೆಯನ್ನು ಬಿಟ್ಟುಕೊಡಲಿಲ್ಲ. ನೆಲ ತಮ್ಮದಾಯಿತೆಂದು ಇವರು ಅದನ್ನು ಕಿತ್ತುಕೊಳ್ಳಲಿಲ್ಲ. ಪ್ರತಿ ವರ್ಷ ನವರಾತ್ರಿಗೆ ಮುನ್ನ ಪದ್ಮನಾಭಪುರದ ಸರಸ್ವತಿ, ವೇಳಿಮಲೆಯ ಕುಮಾರಸ್ವಾಮಿ, ಶುಚೀಂದ್ರದ ಮುನ್ನೂಟಿ ನಂಗೆ ಈ ಮೂರು ವಿಗ್ರಹಗಳ ಮೆರವಣಿಗೆ ಇಲ್ಲಿಂದ ಹೊರಟು ಗಡಿ ದಾಟಿ ತಿರುವನಂತಪುರವನ್ನು ಸೇರುತ್ತದೆ. ಉಪ್ಪರಿಗೆ ಮಾಳಿಗೆಯಲ್ಲಿ ಅರಸರ ಖಡ್ಗವನ್ನು ವಿಧಿಪೂರ್ವಕವಾಗಿ ಒಪ್ಪಿಸಿಕೊಡುವುದರೊಂದಿಗೆ ಮೆರವಣಿಗೆ ಮೊದಲಾಗುತ್ತದೆ. ಎರಡೂ ರಾಜ್ಯಗಳ ಪೋಲೀಸರು ಗೌರವ ಸಲ್ಲಿಸುತ್ತಾರೆ. ನವರಾತ್ರಿ ಮುಗಿದ ಮೇಲೆ ದೇವರುಗಳು ಮರಳಿ ತಮ್ಮ ತಮ್ಮ ನೆಲೆಗೆ ಬರುತ್ತವೆ. ೨೦೧೪ರಲ್ಲಿ ಭಾರತವು ಈ ಅರಮನೆಯನ್ನು ಯುನೆಸ್ಕೋವಿನ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿಸಿತು. ಆಳ್ವಿಕೆಯ ಗಡಿ ಒಂದು, ಮಮತೆಯ ಗಡಿ ಇನ್ನೊಂದು. ಎರಡನ್ನೂ ಕಲಹವಿಲ್ಲದೆ ಪಾಲಿಸಬಹುದೆಂಬುದಕ್ಕೆ ಈ ಮನೆ ಪ್ರತ್ಯಕ್ಷ ಪ್ರಮಾಣವಾಗಿದೆ. ಗಡಿಯಾಚೆ ಉಳಿದ ತಮ್ಮ ಮನೆಯನ್ನು ಕೇರಳದವರು ಕಾಯುತ್ತಿರುವಂತೆ, ಗಡಿಯಾಚೆ ಉಳಿದ ನಮ್ಮ ನುಡಿಯನ್ನು ನಾವು ಕಾಯುತ್ತಿದ್ದೇವೆ. ನಮ್ಮ ಈ ಕಾರ್ಯವನ್ನು ಅರ್ಥಮಾಡಿಕೊಳ್ಳುವುದು ಅವರಿಗೆ ಕಷ್ಟವಾಗಬೇಕಾದುದಿಲ್ಲ.

ಮಹನೀಯರೇ, ಇನ್ನು ಭರಣಿಗೂ ಕನ್ನಡ ಸಂಘಕ್ಕೂ ಇರುವ ಸಂಬಂಧಕ್ಕೆ ಬರುತ್ತೇವೆ. ಪದ್ಮನಾಭಪುರದ ಹೆಸರುಗಳನ್ನೇ ತೆಗೆದುಕೊಳ್ಳಿ. ಅವರ ಊಟ್ಟು ನಮ್ಮ ಊಟ. ಅವರ ತಾಯ್ ನಮ್ಮ ತಾಯಿ. ಅವರ ಮಾಳಿಗ ನಮ್ಮ ಮಾಳಿಗೆ. ಅವರು ಕೊಟ್ಟಾರವೆಂದರೆ ಅರಮನೆ. ನಮ್ಮ ಹಳೆಯ ಕನ್ನಡದಲ್ಲಿ ಕೊಟ್ಟಾರವೆಂದರೆ ಧಾನ್ಯದ ಉಗ್ರಾಣ. ಸಂಸ್ಕೃತದ ಕೋಷ್ಠಾಗಾರವೇ ಎರಡು ನುಡಿಗಳಲ್ಲಿ ಎರಡು ಹಾದಿ ಹಿಡಿದಿದೆ. ಬತ್ತ ತುಂಬುವ ಮರದ ದೊಡ್ಡ ಪೆಟ್ಟಿಗೆಗೆ ಅವರು ಪತ್ತಾಯಂ ಎನ್ನುತ್ತಾರೆ, ನಾವು ಪತ್ತಾಯ ಎನ್ನುತ್ತೇವೆ. ನೆರೆಹೊರೆಯ ನುಡಿಗಳು ಜಗಳವಾಡುವುದು ವೇದಿಕೆಗಳ ಮೇಲೆ; ಅಡುಗೆಮನೆಯಲ್ಲಿ ಅವು ಅಕ್ಕತಂಗಿಯರು.

ಆದರೆ ಪತ್ತಾಯವೇ ಹೋದ ಮೇಲೆ ಪತ್ತಾಯವೆಂಬ ಮಾತು ಎಲ್ಲಿ ನಿಂತೀತು? ನಮ್ಮ ಹಿರಿಯರ ಮನೆಗಳಲ್ಲಿ ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ ಎಂಬ ಲೆಕ್ಕವಿತ್ತು. ಮುಡಿಯೆಂದರೆ ಬರಿಯ ಅಳತೆಯಲ್ಲ. ಬೈಹುಲ್ಲಿನಿಂದ ಉರುಟಾಗಿ ಬಿಗಿದು, ಅಕ್ಕಿಯನ್ನು ಹುಳ ಹಿಡಿಯದಂತೆ ಕಾಯುತ್ತಿದ್ದ ಒಂದು ಶಿಲ್ಪ. ಮೆಟ್ರಿಕ್ ಅಳತೆಯ ಕಾಯಿದೆ ಬಂದುದೂ ೧೯೫೬ರಲ್ಲಿಯೇ. ಅದು ಬೇಕಾಗಿದ್ದ ಸುಧಾರಣೆ, ನಾವದನ್ನು ದೂರುವುದಿಲ್ಲ. ಆದರೆ ಕಿಲೋಗ್ರಾಮು ಬಂದಾಗ ಸೇರು ಕಳಸೆಗಳು ಅಟ್ಟ ಹತ್ತಿದುವು. ಅನಂತರ ಕಡೆಯುವ ಕಲ್ಲು ಹಿತ್ತಲಿಗೆ ಇಳಿಯಿತು; ಮರದ ಮರಿಗೆ, ಕಾಯಿ ಹೆರೆಯುವ ಮಣೆ, ಚೆನ್ನೆಮಣೆ, ಎಲೆಯಡಕೆಯ ಹರಿವಾಣ, ಕಾಲುದೀಪ, ಗಿಂಡಿ ಒಂದೊಂದೇ ಮೂಲೆ ಸೇರಿದುವು. ಈಗ ಹಳೆಯ ಮನೆಗಳನ್ನು ಬಿಚ್ಚಿ ತಾರಸಿಯ ಮನೆಗಳನ್ನು ಕಟ್ಟುವಾಗ, ಕಂಬ ಬಾಗಿಲುಗಳು ದೂರದ ಊರಿನ ಹೋಟೆಲುಗಳ ಅಲಂಕಾರಕ್ಕೆ ಹೋಗುತ್ತಿವೆ. ಹಿತ್ತಾಳೆಯ ಪಾತ್ರೆಗಳು ತೂಕಕ್ಕೆ ಹೋಗುತ್ತಿವೆ.

ಹೊಸ ಮನೆ ಕಟ್ಟಬೇಡಿರೆಂದು ನಾವು ಹೇಳುವುದಿಲ್ಲ. ಸೋರುವ ಮಾಡಿನ ಕೆಳಗೆ ಮಳೆಗಾಲ ಕಳೆದವರಿಗೆ ತಾರಸಿಯ ಸುಖವೇನೆಂಬುದು ಗೊತ್ತು. ಕಡೆಯುವ ಕಲ್ಲಿನ ಮುಂದೆ ಅರ್ಧ ಆಯುಷ್ಯ ಕಳೆದ ತಾಯಂದಿರಿಗೆ ಅದರ ಗುಣಗಾನ ಮಾಡುವ ಧೈರ್ಯವೂ ನಮಗಿಲ್ಲ. ನಮ್ಮ ಬಿನ್ನಹವಿರುವುದು ಇಷ್ಟೆ: ವಸ್ತು ಹೋಗುವುದು ಅನಿವಾರ್ಯವಾದಲ್ಲಿ ಅದರ ಹೆಸರೂ ನೆನಪೂ ಅದರೊಡನೆ ಹೋಗದಿರಲಿ. ಒಂದು ಭಾಷೆ ಉಳಿಯುವುದು ಮಹಾಕಾವ್ಯಗಳಿಂದ ಮಾತ್ರವಲ್ಲ. ಮಗುವಿಗೆ ನೀರು ಕೊಡುವಾಗ ಚೆಂಬು ಎನ್ನುವುದರಿಂದ, ದೀಪ ಹಚ್ಚುವಾಗ ಬತ್ತಿ ಹೊಸೆ ಎನ್ನುವುದರಿಂದ ಅದು ಉಳಿಯುತ್ತದೆ. ಶಾಲೆಯಲ್ಲಿ ಕನ್ನಡ ಮಾಧ್ಯಮಕ್ಕಾಗಿ ಹೋರಾಡುವ ನಾವು, ಮನೆಯ ಮಾಧ್ಯಮವನ್ನು ಅಟ್ಟಕ್ಕೆ ಎಸೆದರೆ ಹೋರಾಟಕ್ಕೆ ಬೇರೆಲ್ಲಿ?

ಇದಕ್ಕಾಗಿ ಅರಮನೆಯೂ ಬೇಡ, ಸರ್ಕಾರದ ಹಣವೂ ಬೇಡ. ಮೂರು ಕೆಲಸಗಳನ್ನು ಸೂಚಿಸಲು ಅಪ್ಪಣೆ ಬೇಡುತ್ತೇವೆ. ಮೊದಲನೆಯದು, ಪ್ರತಿಯೊಂದು ಮನೆಯ ಮಕ್ಕಳು ಬೇಸಗೆಯ ರಜೆಯಲ್ಲಿ ಅಟ್ಟವನ್ನೂ ಕೊಟ್ಟಿಗೆಯನ್ನೂ ಹುಡುಕಿ, ಸಿಕ್ಕಿದ ಹಳೆಯ ಸಾಮಾನುಗಳ ಒಂದು ಪಟ್ಟಿಯನ್ನು ಬರೆಯಲಿ. ವಸ್ತುವಿನ ಹೆಸರು, ಮನೆಯಲ್ಲಿ ತುಳುವೋ ಕೊಂಕಣಿಯೋ ಮರಾಠಿಯೋ ಆಡುತ್ತಿದ್ದರೆ ಆ ಹೆಸರು, ಯಾವುದರಿಂದ ಮಾಡಿದ್ದು, ಯಾರು ಮಾಡಿದ್ದು, ಯಾವ ಕೆಲಸಕ್ಕೆ ಬರುತ್ತಿತ್ತು, ಇಷ್ಟು ಸಾಕು. ಅಜ್ಜಿ ಹೇಳಲಿ, ಮೊಮ್ಮಗಳು ಬರೆಯಲಿ. ಎರಡನೆಯದು, ಮನೆಯನ್ನು ಬಿಚ್ಚುವ ಮುಂಚೆ ಅದರ ಕೋಣೆಗಳ ನಕ್ಷೆಯನ್ನು ಗೀಚಿ, ಭಾವಚಿತ್ರಗಳನ್ನು ತೆಗೆದಿಡಲಿ. ಚಾವಡಿ, ಜಗಲಿ, ಪಡಸಾಲೆ, ಉಗ್ರಾಣಗಳಿಗೆ ಆ ಮನೆಯವರು ಏನೆಂದು ಕರೆಯುತ್ತಿದ್ದರೋ ಅದನ್ನೇ ಬರೆಯಲಿ. ಮೂರನೆಯದು, ಮಾರಿಹೋಗುವ ವಸ್ತುಗಳಲ್ಲಿ ಒಂದನ್ನಾದರೂ ಸಂಘಕ್ಕೋ ಊರಿನ ಕನ್ನಡ ಶಾಲೆಗೋ ಕೊಡುವ ಮನಸ್ಸು ಬರಲಿ. ಶಾಲೆಯ ಒಂದು ಕಪಾಟು ತುಂಬಿದರೆ ಅದೇ ನಮ್ಮ ತೆಕ್ಕೇ ಕೊಟ್ಟಾರಂ.

ನಮ್ಮ ನೆಲ ಇಂತಹ ಕಾರ್ಯಕ್ಕೆ ಹೊಸದಲ್ಲ. ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳು ಬಾಳಿದ ಮನೆ ಸ್ಮಾರಕವಾಗಿ ನಿಂತಿದೆ. ಬೇಕಲದಲ್ಲಿ ಕೆಳದಿಯ ನಾಯಕರು ಕಟ್ಟಿಸಿದ ಕೋಟೆಯಿದೆ. ಕೋಟೆಯನ್ನು ಸರ್ಕಾರ ಕಾಯುತ್ತದೆ, ಕವಿಯ ಮನೆಯನ್ನು ಅಭಿಮಾನಿಗಳು ಕಾಯುತ್ತಾರೆ. ಸಾಮಾನ್ಯರ ಮನೆಯ ಸೇರು ಕಳಸೆಗಳನ್ನು ಕಾಯುವವರು ಆ ಮನೆಯವರಲ್ಲದೆ ಬೇರೆ ಯಾರೂ ಇಲ್ಲ. ಪದ್ಮನಾಭಪುರದ ಮುಚ್ಚಿಗೆಯಲ್ಲಿ ೯೦ ಹೂಗಳನ್ನು ಕೆತ್ತಿದ ಬಡಗಿಯ ಹೆಸರು ನಮಗೆ ಯಾರಿಗೂ ತಿಳಿದಿಲ್ಲ. ಆತನ ಹೂಗಳನ್ನು ಮಾತ್ರ ಎಲ್ಲರೂ ತಲೆಯೆತ್ತಿ ನೋಡುತ್ತಾರೆ. ನಮ್ಮ ಮನೆಯ ತೊಟ್ಟಿಲನ್ನು ಮಾಡಿದವನ ಹೆಸರು ಅಜ್ಜಿಗೆ ಇನ್ನೂ ನೆನಪಿರಬಹುದು. ಅದನ್ನು ಕೇಳಿ ಬರೆದಿಟ್ಟುಕೊಳ್ಳುವ ಅವಕಾಶ ಅರಮನೆಗೆ ತಪ್ಪಿತು, ನಮಗೆ ಇನ್ನೂ ಇದೆ.